ಎಷ್ಟು ಹೆದರಿಸಿದರೆ ಸಾಕು?

ಹೆದರಿಕೆ ನಮಗೆ ಯಾವತ್ತೂ ಪುಕ್ಕಟೆಯಾಗಿಯೇ ಸಿಕ್ಕಿದ್ದು. ಕತ್ತಲೆ, ಹಾವು, ಸಾಲ, ಆಟಿ ತಿಂಗಳ ಹೊಳೆ, ನಡುರಾತ್ರಿ ಬರುವ ಫೋನು – ಇವು ಯಾವುದಕ್ಕೂ ಟಿಕೇಟಿಲ್ಲ. ಹಾಗಿರುವಾಗ ದುಡ್ಡು ಕೊಟ್ಟು, ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು ನಿಂತು, ಎರಡು ನಿಮಿಷದ ಹೆದರಿಕೆಯನ್ನು ಕೊಂಡುಕೊಳ್ಳುವ ಜನ ಇದ್ದಾರೆ ಎಂದರೆ ನಮ್ಮ ಅಜ್ಜಂದಿರು ನಗುತ್ತಿದ್ದರು. ಅಷ್ಟೇ ಅಲ್ಲ, ಆ ಹೆದರಿಕೆ ಹೇಗಿರಬೇಕು, ಎಷ್ಟಿರಬೇಕು, ಮರದಲ್ಲಿ ಕಟ್ಟಬೇಕೋ ಕಬ್ಬಿಣದಲ್ಲೋ ಎಂದು ವರ್ಷಗಟ್ಟಲೆ ವಾದ ಮಾಡುವವರೂ ಇದ್ದಾರೆ. ರೋಲರ್ ಕೋಸ್ಟರಿನ ಅಭಿಮಾನಿಗಳು ಎಂದು ಅವರನ್ನು ಕರೆಯುತ್ತಾರೆ. ಅಮೆರಿಕದಲ್ಲಿ 1978ರಿಂದಲೇ ಅವರದೊಂದು ಸಂಘ ಉಂಟು. ಹಳೆಯ ಮರದ ಕೋಸ್ಟರುಗಳನ್ನು ಕೆಡವದಂತೆ ಉಳಿಸಿಕೊಳ್ಳುವುದು ಆ ಸಂಘದ ಮುಖ್ಯ ಕೆಲಸಗಳಲ್ಲಿ ಒಂದು.

ಇದೆಲ್ಲ ನಮಗೇಕೆ ಎಂದು ಕೇಳಬಹುದು. ನಮ್ಮ ಜಿಲ್ಲೆಯ ಶಾಲೆಗಳಿಂದ ಪ್ರವಾಸ ಹೊರಟರೆ ಮಕ್ಕಳು ಮೊದಲು ಹೇಳುವ ಊರು ಕೊಚ್ಚಿ. ಬಂದರು ನೋಡಲಿಕ್ಕಲ್ಲ, ವಂಡರ್‌ಲಾ ನೋಡಲಿಕ್ಕೆ. 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಶುರುವಾದ ಆ ಜಾಗವನ್ನು ನೋಡದೆ ಹತ್ತನೇ ತರಗತಿ ಮುಗಿಸಿದ ಮಗು ಈಗ ನಮ್ಮಲ್ಲಿ ಕಡಿಮೆ. ಅಂದ ಮೇಲೆ ಹೆದರಿಕೆಯ ಈ ವ್ಯಾಪಾರ ನಮ್ಮ ಅಂಗಳಕ್ಕೂ ಬಂದ ಹಾಗಾಯಿತು. ಆದರೆ ನಾನು ಇಲ್ಲಿ ಹೇಳಹೊರಟದ್ದು ಬೇರೆ ದೇಶದ ಒಂದು ವಾದದ ವಿಷಯ. ಅದರೊಳಗೊಂದು ಧರ್ಮಸೂಕ್ಷ್ಮ ಇದೆ ಎಂದು ನನಗೆ ಕಾಣುತ್ತದೆ.

ಮೊದಲು ಯಂತ್ರದ ಬಗ್ಗೆ ನಾಲ್ಕು ಮಾತು. ರೋಲರ್ ಕೋಸ್ಟರ್ ಮೂಲದಲ್ಲಿ ಬಹಳ ಸರಳ. ಎಂಜಿನ್ನೇ ಇಲ್ಲದ ಬಂಡಿಗಳ ಒಂದು ಸಾಲು. ಹಳೆಯ ಕ್ರಮದಲ್ಲಿ ಒಂದು ಸರಪಣಿ ಅದನ್ನು ಎತ್ತರಕ್ಕೆ ಎಳೆದು ತುದಿಯಲ್ಲಿ ಕೈಬಿಡುತ್ತದೆ. ಅಲ್ಲಿಂದ ಮುಂದಿನದೆಲ್ಲ ಭೂಮಿಯ ಸೆಳೆತದ ಕೆಲಸ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಎಂಬ ಕಡಲ ತೀರದಲ್ಲಿ ಥಾಂಪ್ಸನ್ ಎಂಬಾತ ಇಂಥದೊಂದನ್ನು ಕಟ್ಟಿ ತಲೆಗೆ ಐದು ಸೆಂಟು ವಸೂಲು ಮಾಡಿದ. ಗಂಟೆಗೆ ಆರು ಮೈಲು ವೇಗ, ಅಂದರೆ ನಮ್ಮ ಹುಡುಗರು ಗುಡ್ಡ ಇಳಿಯುವಾಗ ಸೈಕಲಿಗೆ ಕೊಡುವ ವೇಗದ ಅರ್ಧವೂ ಇಲ್ಲ. ಜನ ಅದಕ್ಕೇ ಮುಗಿಬಿದ್ದರು. ಹೆಂಡದಂಗಡಿಗೆ ಹೋಗುವ ಯುವಕರಿಗೆ ಒಂದು ಒಳ್ಳೆಯ ವಿನೋದ ಕೊಡಬೇಕೆಂಬುದು ಅವನ ಆಸೆಯಾಗಿತ್ತು ಎಂದು ಹೇಳುತ್ತಾರೆ. ಪಾಪ, ಒಳ್ಳೆಯ ಉದ್ದೇಶದಿಂದಲೇ ಶುರುವಾದದ್ದು.

ಈ ಅಭಿಮಾನಿಗಳು ಎಲ್ಲಕ್ಕಿಂತ ಹೆಚ್ಚಾಗಿ ಹುಡುಕುವುದು ಒಂದು ಅನುಭವವನ್ನು. ಅದನ್ನು ಅವರು ಏರ್‌ಟೈಮ್ ಎನ್ನುತ್ತಾರೆ. ನಮಗೂ ಅದು ಗೊತ್ತಿರುವಂಥದ್ದೇ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿರುವಾಗ ಡ್ರೈವರು ಹಂಪನ್ನು ನೋಡದೆ ಹಾರಿಸಿದರೆ ಏನಾಗುತ್ತದೆ? ಸೀಟು ಕೆಳಗೆ ಹೋಗುತ್ತದೆ, ನಾವು ಮೇಲೆಯೇ ಉಳಿಯುತ್ತೇವೆ. ಹೊಟ್ಟೆಯೊಳಗೆ ಏನೋ ಒಂದು ಕಳಚಿ ತೇಲಿದ ಹಾಗಾಗುತ್ತದೆ. ನಾವು ಡ್ರೈವರಿಗೆ ಬೈಯುತ್ತೇವೆ. ಅವರು ಅದಕ್ಕೆ ಚಪ್ಪಾಳೆ ತಟ್ಟುತ್ತಾರೆ, ಸೆಕೆಂಡುಗಳ ಲೆಕ್ಕ ಇಡುತ್ತಾರೆ.

ಇನ್ನು ವಾದದ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಒಹಾಯೋ ರಾಜ್ಯದಲ್ಲಿ, ಈರಿ ಸರೋವರದ ದಡದ ಸ್ಯಾಂಡಸ್ಕಿ ಎಂಬ ಊರಿನಲ್ಲಿ ಸೀಡರ್ ಪಾಯಿಂಟ್ ಎಂಬ ವಿನೋದ ಉದ್ಯಾನವಿದೆ. ಅಲ್ಲಿ 1991ರಲ್ಲಿ ಮೀನ್ ಸ್ಟ್ರೀಕ್ ಎಂಬ ಮರದ ಕೋಸ್ಟರ್ ಕಟ್ಟಿದರು. 161 ಅಡಿ ಎತ್ತರ, ಕಾಡಿನಷ್ಟು ಮರ. ಬರಬರುತ್ತಾ ಅದು ಒರಟಾಯಿತು, ಕೂತವರ ಬೆನ್ನು ಮೂಳೆ ಕುಲುಕತೊಡಗಿತು, ವೇಗ ತಗ್ಗಿಸಿದ ಮೇಲೆ ಸಪ್ಪೆಯೂ ಆಯಿತು. 2016ರ ಸೆಪ್ಟೆಂಬರಿನಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಕಂಪೆನಿ ಬಂದು ಮರದ ಕಂಬಗಳಲ್ಲಿ ಬಹುಪಾಲನ್ನು ಉಳಿಸಿಕೊಂಡು ಮೇಲಿನ ಹಳಿಯನ್ನು ಉಕ್ಕಿನದ್ದಾಗಿ ಮಾಡಿತು. 2018ರ ಮೇ ತಿಂಗಳಲ್ಲಿ ಸ್ಟೀಲ್ ವೆಂಜನ್ಸ್ ಎಂಬ ಹೊಸ ಹೆಸರಿನಲ್ಲಿ ಅದು ತೆರೆಯಿತು. ಎತ್ತರ 205 ಅಡಿ, ಗಂಟೆಗೆ ಸುಮಾರು 119 ಕಿಲೋಮೀಟರ್ ವೇಗ, ಬಾವಿಗೆ ಕಲ್ಲು ಹಾಕಿದ ಹಾಗೆ ನೆಟ್ಟಗೆ ಕೆಳಕ್ಕಿಳಿಯುವ ಮೊದಲ ಇಳಿತ, ನಾಲ್ಕು ಸಲ ತಲೆಕೆಳಗು. ಒಂದು ಸುತ್ತಿನಲ್ಲಿ 27 ಸೆಕೆಂಡಿಗೂ ಹೆಚ್ಚು ಏರ್‌ಟೈಮ್ ಎಂದು ಉದ್ಯಾನದವರೇ ಸಾರಿದರು. ಜನರ ಜೇಬಿನಿಂದ ಮೊಬೈಲು ಹಾರಿ ಹೋಗುವುದು ಎಷ್ಟಾಯಿತೆಂದರೆ, ಸಾಲಿನಲ್ಲಿ ನಿಲ್ಲುವಾಗಲೇ ಮೊಬೈಲು ತರಬಾರದೆಂಬ ನಿಯಮ ಮಾಡಬೇಕಾಯಿತು.

ಈ ರೂಪಾಂತರದ ಸುತ್ತ ಅಭಿಮಾನಿಗಳ ನಡುವೆ ನಡೆದ ಚರ್ಚೆಯನ್ನು ನಮ್ಮ ಊರಿನವರಿಗೆ ತಿಳಿಸುವುದು ಬಹಳ ಸುಲಭ. ರಾತ್ರಿಯಿಡೀ ಆಟ ಬೇಕೋ, ಕಾಲಮಿತಿ ಸಾಕೋ ಎಂದು ನಾವು ಚಾದಂಗಡಿಯಲ್ಲಿ ಎಷ್ಟು ವರ್ಷದಿಂದ ಜಗಳಾಡುತ್ತಾ ಇದ್ದೇವೆ! ಅದೇ ದಾಟಿ, ಅದೇ ಸಿಟ್ಟು. ಒಂದು ಪಂಗಡ ಹೇಳುತ್ತದೆ: ಮರದ ಕೋಸ್ಟರಿಗೆ ಜೀವ ಉಂಟು, ಅದು ಓಡುವಾಗ ಇಡೀ ಕಟ್ಟಡ ಓಲಾಡುತ್ತದೆ, ಗಡಗಡ ಸದ್ದು ಮಾಡುತ್ತದೆ, ಬೆಳಗ್ಗಿನ ತಂಪಿನಲ್ಲಿ ಒಂದು ನಡೆ, ಸಂಜೆ ಬಿಸಿಯೇರಿದ ಮೇಲೆ ಇನ್ನೊಂದು ನಡೆ, ಉಕ್ಕಿನ ಹಳಿ ಹಾಕಿದ ಮೇಲೆ ಅದನ್ನು ಮರದ್ದೆಂದು ಕರೆಯುವುದೇ ಸುಳ್ಳು. ಇನ್ನೊಂದು ಪಂಗಡ: ಯಾರೂ ಕೂರದ ಕೋಸ್ಟರಿಗೆ ಜೀವ ಇದ್ದರೇನು ಬಿಟ್ಟರೇನು? ಹೊಸದು ಬಂದದ್ದರಿಂದ ಹಳೆಯ ಕಂಬಗಳಾದರೂ ಉಳಿದವು. ಮೂರನೆಯ ಪಂಗಡಕ್ಕೆ ಈ ಎರಡೂ ಬೇಡ, ತಲೆಕೆಳಗಾಗುವ ತಿರುವುಗಳೇ ದಂಡ, ಅಷ್ಟು ಜಾಗದಲ್ಲಿ ಇನ್ನೂ ನಾಲ್ಕು ಗುಡ್ಡ ಹಾಕಿದ್ದರೆ ಏರ್‌ಟೈಮ್ ಹೆಚ್ಚುತ್ತಿತ್ತು ಎಂಬುದು ಅವರ ಕೊರಗು. ಕಲಾಪ್ರೇಮಿಗಳು ಎಲ್ಲಿ ಹೋದರೂ ಒಂದೇ ಜಾತಿ.

ಈ ವಾದಗಳು ಹಾಳುಹರಟೆ ಎಂದು ನಾನು ಹೇಳುವುದಿಲ್ಲ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಹೆದರಿಕೆಯಲ್ಲಿ ಸಂತೋಷ ಹುಟ್ಟುವುದು ಎಲ್ಲಿಂದ? ಅದಕ್ಕೆ ಉತ್ತರ ಸಿಕ್ಕದೆ ಎಷ್ಟು ಹೆದರಿಸಬಹುದು, ಯಾರನ್ನು ಹೆದರಿಸಬಹುದು ಎಂಬುದು ಬಗೆಹರಿಯುವುದಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಹಳೆಯದು. ಭರತನ ನಾಟ್ಯಶಾಸ್ತ್ರ ಭಯಾನಕವನ್ನು ಒಂದು ರಸವೆಂದೇ ಎಣಿಸಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಶಾಸ್ತ್ರದಿಂದ ಕಲಿಯಬೇಕಾಗಿಲ್ಲ. ನಡುರಾತ್ರಿ ಕಳೆದ ಮೇಲೆ ಬಣ್ಣದ ವೇಷ ಬರುವುದನ್ನು ನೆನಪಿಸಿಕೊಳ್ಳಿ. ಚೆಂಡೆ ಏರುತ್ತದೆ, ದೂರದಿಂದ ಅಬ್ಬರ ಕೇಳುತ್ತದೆ, ದೊಂದಿಗೆ ರಾಳದ ಹುಡಿ ಎರಚಿದಾಗ ಬೆಂಕಿ ಭಗ್ಗೆಂದು ಏಳುತ್ತದೆ, ಆ ಬೆಳಕಿನಲ್ಲಿ ರಾಕ್ಷಸನ ಮುಖ. ಚಾಪೆಯಲ್ಲಿ ನಿದ್ದೆ ಹೋಗಿದ್ದ ಮಕ್ಕಳು ಎದ್ದು ಅಮ್ಮನ ಸೆರಗಿನೊಳಗೆ ಹೊಗುತ್ತವೆ. ಹೊಕ್ಕರೂ ಒಂದು ಕಣ್ಣು ಹೊರಗೆ. ಮಾರನೆಯ ದಿನ ಅದೇ ಮಕ್ಕಳು ಅಂಗಳದಲ್ಲಿ ಅಡಕೆ ಹಾಳೆ ಕಟ್ಟಿಕೊಂಡು ಅದೇ ರಾಕ್ಷಸನಾಗಿ ಕುಣಿಯುತ್ತವೆ.

ಅಭಿನವಗುಪ್ತ ಇಲ್ಲೊಂದು ಸೂಕ್ಷ್ಮ ಹೇಳುತ್ತಾನೆ. ನೋಡುವವನು ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿದರೆ ರಸಕ್ಕೆ ವಿಘ್ನ ಎಂದು. ಹೆದರಿಕೆ ರಸವಾಗಬೇಕಾದರೆ ಅದು ನನ್ನ ಹೆದರಿಕೆ ಎಂಬುದು ಕಳಚಬೇಕು. ಯುರೋಪಿನಲ್ಲಿ ಎಡ್ಮಂಡ್ ಬರ್ಕ್ 1757ರ ತನ್ನ ಪುಸ್ತಕದಲ್ಲಿ ಬೇರೆ ದಾರಿಯಿಂದ ಇದರ ಹತ್ತಿರ ಬಂದಿದ್ದಾನೆ. ಅಪಾಯ ತೀರ ಮೈಮೇಲೆ ಬಂದರೆ ಅದು ಬರೀ ಭಯಂಕರ, ಸ್ವಲ್ಪ ದೂರದಲ್ಲಿದ್ದರೆ ಅದರಲ್ಲೊಂದು ಆನಂದ ಇದೆ ಎಂಬುದು ಅವನ ಮಾತಿನ ಸಾರ.

ಈ ಇಬ್ಬರ ಮಾತೂ ಕೋಸ್ಟರಿನಲ್ಲಿ ಕೂತವನಿಗೆ ನೇರ ಹೊಂದುವುದಿಲ್ಲ. ಅಲ್ಲಿ ರಾಕ್ಷಸನೂ ಇಲ್ಲ, ಪಾತ್ರವೂ ಇಲ್ಲ, ದೂರವೂ ಇಲ್ಲ. ಬೀಳುತ್ತಿರುವುದು ನನ್ನದೇ ಮೈ. ಹಾಗಾದರೆ ಇಳಿದವರೆಲ್ಲ ನಗುತ್ತಾ ಬರುವುದು ಹೇಗೆ? ನನಗೆ ತೋರುವ ಉತ್ತರ ಇಷ್ಟು. ಅಲ್ಲಿ ದೂರ ಇರುವುದು ವೇದಿಕೆಗೂ ಚಾಪೆಗೂ ನಡುವೆ ಅಲ್ಲ, ಮೈಗೂ ಬುದ್ಧಿಗೂ ನಡುವೆ. ಮೈ ಸತ್ತೆನೆಂದು ಕೂಗುತ್ತದೆ. ಬುದ್ಧಿ ತೊಡೆಯ ಮೇಲಿನ ಕಬ್ಬಿಣದ ಸರಳನ್ನು ಮುಟ್ಟಿ ನೋಡಿಕೊಂಡು, ಏನೂ ಆಗುವುದಿಲ್ಲ ಮಾರಾಯ ಎನ್ನುತ್ತದೆ. ಒಬ್ಬನೇ ಮನುಷ್ಯನೊಳಗೆ ವೇಷವೂ ಪ್ರೇಕ್ಷಕನೂ ಒಟ್ಟಿಗೆ ಕೂತ ಹಾಗೆ. ಹಾಗಾಗಿ ಇಡೀ ಸಂತೋಷ ನಿಂತಿರುವುದು ಆ ಸರಳಿನ ಮೇಲೆ, ಅಂದರೆ ಅದನ್ನು ಮಾಡಿದ, ಬೆಳಗ್ಗೆ ಪರೀಕ್ಷೆ ಮಾಡಿದ, ಕಾಣದ ಯಾರೋ ಒಬ್ಬನ ಮೇಲಿನ ನಂಬಿಕೆಯ ಮೇಲೆ.

ಇದಕ್ಕೆ ತೀರ ಎದುರಾದ ಒಂದು ಆಟ ನಮ್ಮ ಕಡೆಯ ಜಾತ್ರೆಗಳಿಗೆ ಬರುತ್ತಿತ್ತು. ಮರಣ ಬಾವಿ; ಮಲಯಾಳದವರು ಮರಣಕ್ಕಿಣರ್ ಎನ್ನುತ್ತಾರೆ. ಹಲಗೆಯ ಬಾವಿಯ ಗೋಡೆಯಲ್ಲಿ ಒಬ್ಬ ಬೈಕು ಓಡಿಸುತ್ತಾನೆ, ಕೈ ಬಿಟ್ಟು ಓಡಿಸುತ್ತಾನೆ, ಮೇಲಿನಿಂದ ನಾವು ಚಾಚಿದ ನೋಟನ್ನು ಕಸಿದುಕೊಂಡು ಹೋಗುತ್ತಾನೆ. ಅಲ್ಲಿ ಅಪಾಯ ಅವನದ್ದು, ರೋಮಾಂಚ ನಮ್ಮದು. ಕೋಸ್ಟರಿನಲ್ಲಿ ಹೆದರಿಕೆ ನಮ್ಮದೇ, ಅಪಾಯ ಯಾರದ್ದೂ ಅಲ್ಲ – ಕೆಲಸ ಸರಿಯಾಗಿ ಮಾಡಿದ್ದರೆ. ನೀತಿಯ ಕಣ್ಣಿನಲ್ಲಿ ಕೋಸ್ಟರು ಮರಣ ಬಾವಿಗಿಂತ ಎಷ್ಟೋ ಮೇಲು ಎಂದು ನನ್ನ ಅಭಿಪ್ರಾಯ. ಇನ್ನೊಬ್ಬನ ಜೀವವನ್ನು ಪಣಕ್ಕಿಟ್ಟು ನಾವು ಹತ್ತು ರೂಪಾಯಿ ಚಾಚುವುದಿಲ್ಲವಲ್ಲ.

ಕೋಸ್ಟರಿನ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಹಿಡಿದ ಒಂದು ಸಂಗತಿ ಉಂಟು. ಜಾನ್ ಮಿಲ್ಲರ್ ಎಂಬ ಅಮೆರಿಕದ ತಂತ್ರಜ್ಞ 1919ರಲ್ಲಿ ಒಂದು ಚಕ್ರಕ್ಕೆ ಪೇಟೆಂಟ್ ಪಡೆದ. ಅದು ಹಳಿಯ ಮೇಲೆ ಓಡುವ ಚಕ್ರ ಅಲ್ಲ. ಹಳಿಯ ಅಡಿಭಾಗಕ್ಕೆ ತಾಗಿಕೊಂಡಿರುವ ಚಕ್ರ. ಬಂಡಿ ಗುಡ್ಡದ ನೆತ್ತಿಯಲ್ಲಿ ಹಳಿ ಬಿಟ್ಟು ಹಾರಲು ನೋಡಿದರೆ ಈ ಚಕ್ರ ಅಡಿಯಿಂದ ಹಿಡಿದುಕೊಳ್ಳುತ್ತದೆ. ಅಲ್ಲಿಯ ತನಕ ಗುಡ್ಡಗಳನ್ನು ಮೆಲ್ಲನೆ ಇಳಿಯುವ ಹಾಗೆ ಕಟ್ಟಬೇಕಿತ್ತು, ಇಲ್ಲವಾದರೆ ಬಂಡಿಯೇ ಹೋಗುತ್ತಿತ್ತು. ಚಕ್ರ ಬಂದ ಮೇಲೆ ಗುಡ್ಡ ಕಡಿದಾಯಿತು, ವೇಗ ಹೆಚ್ಚಿತು. ಏರ್‌ಟೈಮನ್ನು ಧೈರ್ಯವಾಗಿ ಲೆಕ್ಕ ಹಾಕಿ ಕೊಡಲು ದಾರಿಯಾದದ್ದೂ ಈ ಚಕ್ರದಿಂದಲೇ. ಅಭಿಮಾನಿಗಳು ಕೆಲವರು ಸುರಕ್ಷೆಯನ್ನೂ ರೋಮಾಂಚವನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ಮಾತಾಡುತ್ತಾರೆ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂಬಂತೆ. ಮಿಲ್ಲರನ ಚಕ್ರ ಆ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ತಲೆಕೆಳಗಿನ ಸುತ್ತಿನ ಕಥೆಯೂ ಹೀಗೆಯೇ. 1895ರಲ್ಲಿ ಕೋನಿ ಐಲ್ಯಾಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ಕೋಸ್ಟರಿಗೆ ಬಳೆಯಂತೆ ದುಂಡಗಿನ ಸುತ್ತು ಕಟ್ಟಿದರು. ನೆಟ್ಟಗೆ ಬಂದ ಬಂಡಿ ಒಮ್ಮೆಲೇ ವೃತ್ತಕ್ಕೆ ಹೊಕ್ಕಾಗ, ಅದೂ ವೇಗ ಅತಿ ಹೆಚ್ಚಿರುವ ಬುಡದಲ್ಲಿ, ಕೂತವರ ಮೇಲೆ ಬೀಳುತ್ತಿದ್ದ ಒತ್ತಡ ತಮ್ಮ ಭಾರದ ಹನ್ನೆರಡು ಪಟ್ಟಿನಷ್ಟು ಎಂದು ಅಂದಾಜು ಮಾಡಿದ್ದಾರೆ. ಅರುವತ್ತು ಕಿಲೋದ ಮನುಷ್ಯ ಆ ಕ್ಷಣ ಏಳುನೂರು ಕಿಲೋ! ಕತ್ತು ಉಳುಕಿಸಿಕೊಂಡು ಇಳಿಯುತ್ತಿದ್ದರು. ಇದಕ್ಕೆ ಗಟ್ಟಿ ಪರಿಹಾರ ಬಂದದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಉದ್ಯಾನದಲ್ಲಿ. ವರ್ನರ್ ಸ್ಟೆಂಗಲ್ ಎಂಬ ಜರ್ಮನ್ ಎಂಜಿನಿಯರು ಸುತ್ತನ್ನು ದುಂಡಗೆ ಮಾಡದೆ ನೀರ ಹನಿಯ ಆಕಾರಕ್ಕೆ ತಂದ. ಬುಡದಲ್ಲಿ ಅಗಲವಾದ ಬಾಗು, ನೆತ್ತಿಯಲ್ಲಿ ಇರುಕಾದ ಬಾಗು. ರೈಲು ಹಳಿ ಹಾಕುವವರಿಗೆ ತಿರುವಿನ ಆರಂಭದಲ್ಲಿ ನಿಧಾನವಾಗಿ ಬಾಗಿಸುವ ಈ ಉಪಾಯ ಮೊದಲೇ ಗೊತ್ತಿತ್ತು. ಈಗ ನಮ್ಮ ಎಂಟನೇ ತರಗತಿಯ ಮಕ್ಕಳೂ ತಲೆಕೆಳಗಾಗಿ ಸುತ್ತಿ ಬಂದು ಐಸ್‌ಕ್ರೀಮ್ ತಿನ್ನುತ್ತಾರೆ.

ಆದರೂ ಅಭಿಮಾನಿಗಳ ಮಾತುಕತೆಯಲ್ಲಿ ಹಳೆಯ ಅಪಾಯದ ಬಗ್ಗೆ ಒಂದು ಹಂಬಲ ಆಗಾಗ ತಲೆ ಎತ್ತುತ್ತದೆ. ಅವರು ಹೆಚ್ಚಾಗಿ ನೆನೆಯುವುದು ಕೆನಡಾದ ಕ್ರಿಸ್ಟಲ್ ಬೀಚಿನಲ್ಲಿದ್ದ ಸೈಕ್ಲೋನ್ ಎಂಬ ಕೋಸ್ಟರನ್ನು. ಅದೂ ಇದೇ ಈರಿ ಸರೋವರದ ದಡ, ಆಚೆ ಬದಿ. 1927ರಲ್ಲಿ ಹ್ಯಾರಿ ಟ್ರೇವರ್ ಕಟ್ಟಿದ್ದು. ಒಂದು ಗಳಿಗೆಯೂ ನೆಟ್ಟಗೆ ಓಡದ, ಎಲ್ಲ ಕಡೆ ತಿರುಚುವ, ಮಗ್ಗುಲು ಮುರಿಯುವಂಥ ದಾರಿ. ಇಳಿಯುವ ಕಟ್ಟೆಯಲ್ಲಿ ಒಬ್ಬಳು ದಾದಿಯನ್ನೇ ನಿಲ್ಲಿಸಿದ್ದರು. 1938ರಲ್ಲಿ ಒಬ್ಬ ಸತ್ತ. ಕೂರುವವರಿಗಿಂತ ನಿಂತು ನೋಡುವವರೇ ಹೆಚ್ಚಾಗಿ, 1946ರಲ್ಲಿ ಅದು ಮುಚ್ಚಿತು. ಈಗ ಬದುಕಿರುವವರಲ್ಲಿ ಅದರಲ್ಲಿ ಕೂತವರು ಇನ್ನು ಎಷ್ಟು ಮಂದಿ ಉಳಿದಿರಬಹುದು? ಆದರೂ ಅಂಥದ್ದು ಮತ್ತೊಮ್ಮೆ ಬರಬಾರದೇ ಎನ್ನುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ದಾದಿಯನ್ನು ನಿಲ್ಲಿಸಿದ ದಿನವೇ ಅದು ಕೋಸ್ಟರಾಗಿ ಸೋತು ಮರಣ ಬಾವಿಯಾಗಿತ್ತು. ಕೂತವರು ಆಟಗಾರರು, ಕೆಳಗೆ ನಿಂತವರು ಪ್ರೇಕ್ಷಕರು.

ಇನ್ನು ನಿಜವಾದ ಜಗಳಕ್ಕೆ ಬರೋಣ. ತೊಡೆಯ ಮೇಲಿನ ಆ ಸರಳು ಎಷ್ಟು ಬಿಗಿಯಾಗಿರಬೇಕು?

ಮರದ ಕೋಸ್ಟರಿಗೆ ಉಕ್ಕಿನ ಹಳಿ ಹಾಕುವ ಈ ಪದ್ಧತಿ ಶುರುವಾದದ್ದು ಟೆಕ್ಸಾಸಿನಲ್ಲಿ, 2011ರಲ್ಲಿ. ಹಳೆಯ ಟೆಕ್ಸಾಸ್ ಜಯಂಟ್ ಅನ್ನು ಅದೇ ರಾಕಿ ಮೌಂಟನ್ ಕಂಪೆನಿ ಹೊಸದು ಮಾಡಿತು. ಅಭಿಮಾನಿಗಳು ಕುಣಿದಾಡಿದರು. 2013ರ ಜುಲೈಯಲ್ಲಿ ಆ ಕೋಸ್ಟರಿನಿಂದ ಒಬ್ಬ ಹೆಂಗಸು ಓಡುವಾಗಲೇ ಹೊರಗೆ ಬಿದ್ದು ತೀರಿಹೋದರು. ಸೆಪ್ಟೆಂಬರಿನಲ್ಲಿ ಮತ್ತೆ ತೆರೆದಾಗ ಸರಳಿನ ಮೆತ್ತೆ ಬದಲಾಗಿತ್ತು, ಸೊಂಟಕ್ಕೆ ಬೆಲ್ಟು ಬಂದಿತ್ತು. ಕೂತು ನೋಡಿ ಸರಿಹೊಂದುತ್ತದೋ ಎಂದು ತಿಳಿಯಲು ಬಾಗಿಲ ಬಳಿ ಒಂದು ಮಾದರಿ ಸೀಟನ್ನೂ ಇಡುವುದಾಗಿ ಹೇಳಿದರು. ಹೊಸ ಕೋಸ್ಟರುಗಳಲ್ಲಿ ಬೆಲ್ಟು ಬೇಕೇ, ಸರಳು ಸಾಕೇ, ಭುಜದ ಮೇಲೆ ನೊಗದಂತೆ ಕೂರುವ ಪಟ್ಟಿ ಬೇಕೇ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಬಿಗಿದಷ್ಟೂ ಏರ್‌ಟೈಮ್ ಸಾಯುತ್ತದೆ ಎಂಬುದು ಬಲ್ಲವರ ದೂರು. ಅದು ಸುಳ್ಳೂ ಅಲ್ಲ. ತೇಲುವುದಕ್ಕೆ ಜಾಗ ಬೇಕಲ್ಲ. ಆ ನೊಗ ಕಿವಿಗೆ ಬಡಿಯುವ ಬಗ್ಗೆ ಅವರು ಗೊಣಗುವುದರಲ್ಲೂ ನ್ಯಾಯ ಇದೆ. ಕೆಟ್ಟದಾಗಿ ಕಟ್ಟಿದ ರಕ್ಷಣೆಯೂ ಒಂದು ತೊಂದರೆಯೇ.

ನನ್ನ ತಂಗಿಯ ಮಗ ಮಂಗಳೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ಈ ವಿಷಯ ನನಗೆ ಹಚ್ಚಿದ್ದೇ ಅವನು. ಅವನ ವಾದ ನೇರ: "ಮಾವ, ಬೇಕಾದವನು ಕೂತ್ಕೊಳ್ಳಲಿ, ಬೇಡದವನು ಬಿಡಲಿ. ಅಪಾಯ ಇದೆ ಅಂತ ಬೋರ್ಡು ಹಾಕಿದ್ರೆ ಆಯ್ತು. ಅವನ ಮೈ, ಅವನ ಇಷ್ಟ. ನಿಮಗೆಂತ ತೊಂದರೆ?"

"ನನಗೆ ತೊಂದರೆ ಇಲ್ಲ. ನಿನ್ನ ಅಜ್ಜಿ ಕೂತರೆ?" ಎಂದೆ.

"ಅಜ್ಜಿ ಯಾಕೆ ಕೂತ್ಕೊಳ್ತಾರೆ?"

"ನೀನು ಕರ್ಕೊಂಡು ಹೋದರೆ ಕೂತ್ಕೊಳ್ತಾರೆ. ಮೊಮ್ಮಗ ಹೇಳಿದ ಅಂತ."

ಅವನು ನಕ್ಕ, ಆದರೆ ಒಪ್ಪಲಿಲ್ಲ. ಅವನ ಮಾತಿಗೆ ಒಂದು ತೂಕ ಇದೆ, ತಳ್ಳಿ ಹಾಕುವಂಥದ್ದಲ್ಲ. ದೊಡ್ಡವನಾದ ಮನುಷ್ಯ ತನಗೆ ಬೇಕಾದ ಅಪಾಯವನ್ನು ತಾನು ಆರಿಸಿಕೊಂಡರೆ ತಡೆಯಲು ನಾವು ಯಾರು? ಸಮುದ್ರಕ್ಕೆ ಈಜಲು ಇಳಿಯುವವನನ್ನು, ಬೆಟ್ಟ ಹತ್ತುವವನನ್ನು ನಾವು ತಡೆಯುವುದಿಲ್ಲ. ಆದರೆ ಬೆಟ್ಟ ಹತ್ತುವವನು ಹೆಜ್ಜೆ ಹೆಜ್ಜೆಗೂ ತೀರ್ಮಾನ ಮಾಡುತ್ತಾನೆ. ಮಳೆ ಬಂದರೆ ಇಳಿಯುತ್ತಾನೆ, ಕಾಲು ನಡುಗಿದರೆ ಕೂರುತ್ತಾನೆ. ಕೋಸ್ಟರಿನಲ್ಲಿ ಕೂತವನ ತೀರ್ಮಾನ ಸರಪಣಿ ಎಳೆಯತೊಡಗಿದಲ್ಲಿಗೆ ಮುಗಿಯಿತು. ಆಮೇಲೆ ಅವನು ಪರಾಧೀನ. ಅವನ ಪರವಾಗಿ ಎಲ್ಲ ತೀರ್ಮಾನವನ್ನೂ ಎರಡು ವರ್ಷ ಹಿಂದೆಯೇ ನಕ್ಷೆ ಬರೆದವನು ಮಾಡಿ ಮುಗಿಸಿದ್ದಾನೆ. ತೀರ್ಮಾನ ಯಾರದ್ದೋ ಹೊಣೆಯೂ ಅವರದ್ದೇ ಅಲ್ಲವೇ? ಬೋರ್ಡು ಹಾಕಿ ಆ ಹೊಣೆಯನ್ನು ಸಾಲಿನಲ್ಲಿ ನಿಂತವನ ಹೆಗಲಿಗೆ ದಾಟಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ವಾದ ಮಾಡುವ ಅಭಿಮಾನಿ ನೂರಾರು ಕೋಸ್ಟರುಗಳಲ್ಲಿ ಕೂತವನು. ಹೇಗೆ ಕೂರಬೇಕು, ಎಲ್ಲಿ ಕತ್ತು ಗಟ್ಟಿ ಮಾಡಬೇಕು ಎಂಬುದು ಅವನಿಗೆ ಅಭ್ಯಾಸ. ಸಣ್ಣ ಹೆದರಿಕೆ ಅವನಿಗೆ ತಾಗುವುದೇ ಇಲ್ಲ. ಕಾಂತಾರಿ ಮೆಣಸು ತಿಂದು ತಿಂದು ನಾಲಗೆ ಸತ್ತವನನ್ನು ಸಮಾರಾಧನೆಯ ಸಾಂಬಾರಿಗೆ ಖಾರ ಎಷ್ಟು ಎಂದು ಕೇಳಿದರೆ ಹೇಗೋ, ಹಾಗೆ. ಉಣ್ಣಲು ಬಂದವರಲ್ಲಿ ಮಗು ಉಂಟು, ಹೊಟ್ಟೆಹುಣ್ಣಿನವರು ಉಂಟು. ಆ ಬಂಡಿಯಲ್ಲಿ ಕೂರುವವರಲ್ಲಿಯೂ ಹೆಚ್ಚಿನವರು ಬದುಕಿನಲ್ಲಿ ಒಮ್ಮೆಯೋ ಎರಡು ಸಲವೋ ಬರುವವರು: ದಪ್ಪ ಮೈಯವರು, ತೆಳ್ಳಗಿನವರು, ಎತ್ತರದ ಗೆರೆಯನ್ನು ಈ ವರ್ಷವಷ್ಟೇ ದಾಟಿದ ಮಕ್ಕಳು. ಅವರಾರೂ ಈ ಚರ್ಚೆಗೆ ಬರುವುದಿಲ್ಲ. ಅವರಿಗೆ ಇಂಥದ್ದೊಂದು ಚರ್ಚೆ ಇದೆ ಎಂಬುದೇ ಗೊತ್ತಿಲ್ಲ. ಒಳ್ಳೆಯ ಎಂಜಿನಿಯರು ಎದುರು ಕೂತು ಮಾತಾಡುವವನ ಮಾತಿನ ಜೊತೆಗೆ, ಅಲ್ಲಿ ಇಲ್ಲದವರ ಮೈಯ ಅಳತೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಆ ಮಾದರಿ ಸೀಟಿನ ಬಗ್ಗೆ ಸ್ವಲ್ಪ ಹೇಳಬೇಕು. ಸರಳು ಸರಿಯಾಗಿ ಇಳಿಯದ ದಪ್ಪ ಮೈಯವರನ್ನು ಬಂಡಿಯಿಂದ ಎಬ್ಬಿಸಿ ವಾಪಸು ಕಳಿಸುತ್ತಾರೆ. ಕಳಿಸಲೇ ಬೇಕು. ಆದರೆ ಎರಡು ಗಂಟೆ ಸಾಲು ನಿಂತು, ಮಕ್ಕಳ ಪಕ್ಕದಲ್ಲಿ ಕೂತು, ಎಲ್ಲರ ಕಣ್ಣೆದುರು ಎದ್ದು ಹೋಗಬೇಕಾದ ಒಬ್ಬ ತಂದೆಯ ಮುಖವನ್ನು ಕಲ್ಪಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಅಭಿಮಾನಿಗಳು ಅದಕ್ಕೆ ನಾಚಿಕೆಯ ನಡಿಗೆ ಎಂಬರ್ಥದ ಒಂದು ತಮಾಷೆಯ ಹೆಸರನ್ನೇ ಇಟ್ಟಿದ್ದಾರೆ. ಬಾಗಿಲ ಹೊರಗೆ, ಯಾರೂ ನೋಡದ ಬದಿಯಲ್ಲಿ ಒಂದು ಖಾಲಿ ಸೀಟು ಇಟ್ಟರೆ ಈ ಅವಮಾನ ತಪ್ಪುತ್ತದೆ. ಅದಕ್ಕೆ ಖರ್ಚು ಎಷ್ಟು? ಕೋಟಿಗಟ್ಟಲೆ ಸುರಿದು ಕಟ್ಟುವ ಯಂತ್ರದಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಈ ಸರಳು, ಬೆಲ್ಟು, ಅಡಿಚಕ್ರ ಎಲ್ಲ ಓದುವಾಗ ನನಗೆ ನಮ್ಮ ತೋಟದಲ್ಲಿ ಕೊನೆ ಕೊಯ್ಯುವವರು ಕಣ್ಣಿಗೆ ಬರುತ್ತಿದ್ದರು. ಕಾಲಿಗೊಂದು ತಳೆ, ಕೈಯಲ್ಲೊಂದು ಕತ್ತಿ. ಅಡಕೆ ಮರದ ತುದಿಗೆ ಹೋಗಿ, ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಆ ದಾಟುವ ಒಂದು ಕ್ಷಣ ಅವರ ಹೊಟ್ಟೆಯಲ್ಲೂ ಅದೇ ತೇಲುವಿಕೆ ಇರಬಹುದು. ಮಳೆಗಾಲದಲ್ಲಿ ಮದ್ದು ಬಿಡುವಾಗ ಮರ ಪಾಚಿಗಟ್ಟಿ ಜಾರುತ್ತದೆ. ಅಲ್ಲಿ ಅಡಿಯಿಂದ ಹಿಡಿಯುವ ಚಕ್ರ ಇಲ್ಲ. ತೆಂಗಿಗಾದರೆ ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ ಯಂತ್ರ ಹತ್ತುವ ತರಬೇತಿ ಕೊಟ್ಟರು, ವಿಮೆಯನ್ನೂ ಮಾಡಿಸಿದರು. ಅಡಕೆ ಮರದಲ್ಲಿ ತಳೆಯೇ ಇನ್ನೂ ಬಹಳ ಕಡೆ ಇರುವ ಏಕೈಕ ರಕ್ಷಣೆ. ಎರಡು ನಿಮಿಷ ವಿನೋದಕ್ಕೆ ಕೂತವನ ತೊಡೆಯ ಸರಳಿನ ಬಗ್ಗೆ ಲೋಕದ ಬುದ್ಧಿವಂತರೆಲ್ಲ ಕೂಡಿ ಲೆಕ್ಕ ಹಾಕುತ್ತಾರೆ. ಹೊಟ್ಟೆಪಾಡಿಗೆ ದಿನವಿಡೀ ಮೇಲೆ ಇರುವವನ ತಳೆಯ ಬಗ್ಗೆ ಚಾದಂಗಡಿಯಲ್ಲಿ ಕೂಡ ವಾದ ನಡೆಯುವುದಿಲ್ಲ. ಕೋಸ್ಟರಿನವರನ್ನು ನಾನು ಇದಕ್ಕೆ ದೂರುವುದಿಲ್ಲ. ಅವರು ತಮ್ಮ ಕೆಲಸ ಸರಿ ಮಾಡಿದ್ದಾರೆ. ಹೆದರಿಕೆಯನ್ನು ಉಳಿಸಿ ಅಪಾಯವನ್ನು ಕಳೆಯುವುದು ಮನುಷ್ಯನಿಂದ ಆಗುವ ಕೆಲಸ ಎಂದು ತೋರಿಸಿದ್ದಾರೆ. ಆ ಬುದ್ಧಿ ಎಲ್ಲಿಗೆಲ್ಲ ಇನ್ನೂ ತಲುಪಿಲ್ಲ ಎಂಬುದು ನಮ್ಮ ಲೆಕ್ಕ.

ನಾನೂ ಒಮ್ಮೆ ಶಾಲೆಯ ಮಕ್ಕಳ ಒತ್ತಾಯಕ್ಕೆ ಕೂತಿದ್ದೇನೆ. ಇಳಿದ ಮೇಲೆ ಹತ್ತು ನಿಮಿಷ ಕಾಲು ನನ್ನದಾಗಿರಲಿಲ್ಲ, ಆದರೆ ನಗು ಬರುತ್ತಿತ್ತು, ಯಾಕೆಂದು ಕೇಳಿದರೆ ಹೇಳಲಿಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ಇದನ್ನೆಲ್ಲ ವಿನೋದದ ವಿರೋಧಿಯ ಮಾತೆಂದು ತಿಳಿಯಬೇಡಿ. ಮರವೋ ಉಕ್ಕೋ ಎಂಬ ವಾದದಲ್ಲಿ ಕೇಳಿದರೆ ನಾನು ಮೀನ್ ಸ್ಟ್ರೀಕನ್ನು ಬದಲಿಸಿದವರ ಪಕ್ಷ. ಬೆನ್ನು ನೋಯಿಸುವುದು ಹೆದರಿಸಿದ ಹಾಗಲ್ಲ. ನೋವಿಗೂ ಭಯಕ್ಕೂ ವ್ಯತ್ಯಾಸ ಗೊತ್ತಿಲ್ಲದ ಯಂತ್ರ ಹಳೆಯದು ಎಂಬ ಒಂದೇ ಕಾರಣಕ್ಕೆ ಪೂಜ್ಯ ಆಗುವುದಿಲ್ಲ. ತಲೆಕೆಳಗಿನ ತಿರುವು ನಾಲ್ಕು ಬೇಕಿತ್ತೇ ಎರಡು ಸಾಕಿತ್ತೇ ಎಂಬುದನ್ನು ಬಲ್ಲವರಿಗೆ ಬಿಡುತ್ತೇನೆ.

ಇಷ್ಟೆಲ್ಲ ಚರ್ಚೆಗಳ ನಡುವೆ ಅಭಿಮಾನಿಗಳು ಹೆಚ್ಚು ಮಾತಾಡದ ಒಂದು ಭಾಗ ಆ ಯಂತ್ರಗಳಲ್ಲಿ ಉಂಟು. ಸಾಲು ಮುಗಿದು ಬಂಡಿ ಹತ್ತುವ ಕಟ್ಟೆಗೆ ಬಂದಲ್ಲಿ, ಬಹಳ ಕೋಸ್ಟರುಗಳಲ್ಲಿ, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದವರಿಗೆ ಹೊರಗೆ ಹೋಗಲು ಒಂದು ದಾರಿ ಬಿಟ್ಟಿರುತ್ತಾರೆ. ಅದಕ್ಕೂ ಇಂಗ್ಲಿಷಿನಲ್ಲಿ ಗೇಲಿಯ ಹೆಸರೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪುಕ್ಕಲರ ಬಾಗಿಲು. ಸರಪಣಿ ಎಳೆಯುವ ಮೊದಲು ಕೂರುವವನ ಕೈಯಲ್ಲಿ ಉಳಿದಿರುವ ಕೊನೆಯ ತೀರ್ಮಾನ ಆ ಬಾಗಿಲಲ್ಲಿ ಇದೆ. ಅಲ್ಲಿ ನಿಂತ ಮಗುವನ್ನು ಹಿಂದಿನಿಂದ ನೂಕುವವರು ಹೆಚ್ಚಾಗಿ ಅಪರಿಚಿತರಲ್ಲ, ಅದೇ ಬೆಂಚಿನ ಗೆಳೆಯರು. ಕೆಲವೊಮ್ಮೆ, ತಮಾಷೆಗೆ ಎಂದುಕೊಂಡು, ನಮ್ಮಂಥ ಮೇಷ್ಟ್ರುಗಳು. ಮುಂದಿನ ಪ್ರವಾಸದ ಸಭೆಯಲ್ಲಿ ನಾನು ಹೇಳುವುದೆಂದು ಬರೆದಿಟ್ಟುಕೊಂಡದ್ದು ಒಂದೇ ವಿಷಯ. ಬ್ಯಾಗು ಕಾಯಲು ಕೆಳಗೆ ಇಬ್ಬರು ಮಾಸ್ತರರು ಮೊದಲೇ ಕೂತಿರಲಿ, ಒಂದು ಡಬ್ಬಿ ಅಂಬಡೆಯೂ ಇರಲಿ. ಆ ಬಾಗಿಲ ಮೂಲಕ ಬಂದ ಮಕ್ಕಳು ಅವರ ಜೊತೆ ಕೂತು ಬ್ಯಾಗು ಕಾಯಲಿ, ಅಂಬಡೆ ತಿನ್ನಲಿ, ಮೇಲೆ ಕಿರಿಚುವವರನ್ನು ನೋಡಿ ನಗಲಿ.